ಬಳ್ಳಾರಿಯಲ್ಲಿ ಮಕ್ಕಳ ಬೇಸ್‌ಬಾಲ್ ಲೀಗ್: ಓಣಿಯವರನ್ನೆಲ್ಲ ಮೈದಾನಕ್ಕೆ ಕರೆತರುವುದು ಹೇಗೆ?

ಮೊದಲ ಸಭೆಗೆ 40 ಕುರ್ಚಿ ಬಾಡಿಗೆಗೆ ತಂದಿದ್ದೆವು. ಬಂದವರು 7 ಮಂದಿ. ಅದರಲ್ಲೊಬ್ಬರು ಕುರ್ಚಿ ವಾಪಸ್ ಒಯ್ಯಲು ಬಂದವರು. ಕರಪತ್ರದಲ್ಲಿ ‘ಮಕ್ಕಳ ಬೇಸ್‌ಬಾಲ್ ಲೀಗ್‌ಗೆ ಸರ್ವರೂ ತನು ಮನ ಧನದಿಂದ ಸಹಕರಿಸಬೇಕಾಗಿ ವಿನಂತಿ’ ಅಂತ ಹಾಕಿಸಿದ್ದೆವು. ಓದಿದವರಿಗೆ ತಿಳಿದದ್ದು ಒಂದೇ ಮಾತು: ಇವರು ಚಂದಾ ಕೇಳಲು ಬರುತ್ತಾರೆ.

ಎರಡನೇ ಸಲ ಕರಪತ್ರವೂ ಇಲ್ಲ, ಕುರ್ಚಿಯೂ ಇಲ್ಲ. ಒಂದು ನೋಟ್‌ಬುಕ್ ಹಿಡಿದು ಮನೆ ಮನೆ ತಿರುಗಿದೆವು. ಟೈಲರ್ ಹತ್ತಿರ ‘ಅಣ್ಣಾ, ಮೂರು ಚೀಲ ಹೊಲಿದು ಕೊಡ್ತೀರಾ?’ ಅಂದೆವು. ಕಿರಾಣಿ ಅಂಗಡಿಯಲ್ಲಿ ‘ಭಾನುವಾರಕ್ಕೊಂದು ಕ್ಯಾನ್ ನೀರು’ ಕೇಳಿದೆವು. ಬಿ.ಕಾಂ ಓದುವ ಹುಡುಗನಿಗೆ ‘ಎರಡು ತಾಸು ಸ್ಕೋರ್ ಬರೀತೀಯಾ ತಮ್ಮಾ?’ ಅಂದೆವು. ಎಲ್ಲರೂ ಒಪ್ಪಿದರು ಅಂದರೆ ಸುಳ್ಳಾಗುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಹ್ಞೂಂ ಅಂದರು. ಅಷ್ಟು ಸಾಕಾಯಿತು.

ಈ ಬರಹದಲ್ಲಿ ಹೇಳುವುದೆಲ್ಲ ಆ ನೋಟ್‌ಬುಕ್ಕಿನ ಲೆಕ್ಕವೇ. ಊರಿನವರಿಂದ ‘ಬೆಂಬಲ’ ಕೇಳಬೇಡಿ. ಒಂದು ಕೆಲಸ, ಒಂದು ದಿನ, ಒಂದು ಗಂಟೆ ಹೇಳಿ ಕೇಳಿ.

ಮೊದಲು, ಯಾವ ಆಟ ಅಂತ ನಿಕ್ಕಿ ಮಾಡಿಕೊಳ್ಳಿ

ಬೇಸ್‌ಬಾಲ್ ಅಂದಕೂಡಲೇ ಟಿವಿಯಲ್ಲಿ ಕಾಣುವ ದೊಡ್ಡ ಸ್ಟೇಡಿಯಂ ನೆನಪಾಗುತ್ತದೆ. ಮಕ್ಕಳಿಗೆ ಅಷ್ಟೆಲ್ಲ ಬೇಡ. ನಿಮ್ಮ ಮುಂದೆ ಮೂರು ದಾರಿ ಇವೆ.

ಮೊದಲನೆಯದು ಬೇಸ್‌ಬಾಲ್5. ಬ್ಯಾಟ್ ಇಲ್ಲ, ಗ್ಲೌಸ್ ಇಲ್ಲ, ಒಂದು ರಬ್ಬರ್ ಚೆಂಡು ಮಾತ್ರ. ತಂಡಕ್ಕೆ 5 ಜನ, ಆಟ 5 ಇನ್ನಿಂಗ್ಸ್. ಚೆಂಡನ್ನು ಕೈಯಿಂದಲೇ ಹೊಡೆದು ಓಡಬೇಕು. 18 ಮೀಟರ್ ಚೌಕದ ಜಾಗ ಸಾಕು. ಓಡಿ ಮುಟ್ಟಬೇಕಾದ ನಾಲ್ಕು ಮೂಲೆಗಳಿಗೆ ಬೇಸ್ ಅನ್ನುತ್ತಾರೆ, ನಾಲ್ಕೂ ಮುಟ್ಟಿ ಬಂದರೆ ಒಂದು ರನ್. ಬೇಸ್‌ಗಳ ನಡುವೆ 13 ಮೀಟರ್. ಹುಡುಗ ಹುಡುಗಿಯರು ಒಟ್ಟಿಗೇ ಆಡುವ ಆಟ ಇದು. 2026ರ ಡಕಾರ್ ಯೂತ್ ಒಲಿಂಪಿಕ್ಸ್‌ಗೂ ಇದನ್ನು ಸೇರಿಸಿದ್ದಾರೆ. ಸರ್ಕಾರಿ ಶಾಲೆಯ ಅಂಗಳದಲ್ಲಿ ನಾಳೆ ಬೆಳಗ್ಗೆಯೇ ಶುರು ಮಾಡಬಹುದು.

ಎರಡನೆಯದು ಸಾಫ್ಟ್‌ಬಾಲ್. ಚೆಂಡು ದೊಡ್ಡದು, ಸುತ್ತಳತೆ 12 ಇಂಚು. ಕೈಯನ್ನು ಕೆಳಗಿನಿಂದ ಬೀಸಿ ಎಸೆಯುತ್ತಾರೆ. ಶಾಲಾ ಕ್ರೀಡಾಕೂಟಗಳಲ್ಲಿ ಈ ಆಟ ಇರುವುದರಿಂದ ಕೆಲವು ಪಿಟಿ ಮೇಷ್ಟ್ರುಗಳಿಗೆ ಇದರ ನಿಯಮ ಗೊತ್ತಿರುತ್ತದೆ.

ಮೂರನೆಯದು ನಿಜವಾದ ಬೇಸ್‌ಬಾಲ್, 9 ಇಂಚು ಸುತ್ತಳತೆಯ ಗಟ್ಟಿ ಚೆಂಡಿನದು. ಇದಕ್ಕೆ ಹೆಲ್ಮೆಟ್ ಬೇಕು, ಬ್ಯಾಟ್ ಮಾಡುವವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೆ ಮುಖಕ್ಕೂ ಎದೆಗೂ ಕಾಲಿಗೂ ಕವಚ ಬೇಕು, ದೊಡ್ಡ ಜಾಗವೂ ಬೇಕು.

ನನ್ನ ಸಲಹೆ: ಮೊದಲ ಮೂರು ತಿಂಗಳು ಬೇಸ್‌ಬಾಲ್5 ಆಡಿಸಿ. ಯಾವ ಮಕ್ಕಳು ಬಿಡದೆ ಬರುತ್ತಾರೆ, ಯಾವ ತಂದೆ ತಾಯಿ ಬಂದು ನಿಲ್ಲುತ್ತಾರೆ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಸಾಮಾನು ಕೊಳ್ಳಿ. ಸಾಮಾನು ಮೊದಲು ತಂದಿಟ್ಟು ಮಕ್ಕಳಿಗಾಗಿ ಕಾಯ್ದವರ ಕಥೆ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತವೆ.

‘ಇದು ನಮ್ಮ ಆಟ ಅಲ್ಲ’ ಅನ್ನುವವರು ಸಿಗುತ್ತಾರೆ. ಚಿನ್ನಿದಾಂಡು, ಲಗೋರಿ ನೆನಪಿಸಿ. ಕೋಲಲ್ಲಿ ಹೊಡೆಯುವುದು, ಚೆಂಡು ಬರುವುದರೊಳಗೆ ಓಡಿ ಮುಟ್ಟುವುದು, ಎಸೆದು ಔಟ್ ಮಾಡುವುದು ಎಲ್ಲ ನಮ್ಮ ಓಣಿಯಲ್ಲೂ ಇದ್ದದ್ದೇ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ವಾಪಸ್ ಬರುತ್ತಿವೆ ಅಂತಲೂ ಹೇಳಿ. ಇದು ಮುಂದೆ ಹಣದ ವಿಷಯದಲ್ಲೂ ಕೆಲಸಕ್ಕೆ ಬರುತ್ತದೆ.

ಜಾಗ: ಎರೆಯೋ, ಮಸಾರಿಯೋ?

ಮೈದಾನ ಹುಡುಕುವಾಗ ಎಲ್ಲರೂ ಉದ್ದ ಅಗಲ ನೋಡುತ್ತಾರೆ. ಬಳ್ಳಾರಿಯಲ್ಲಿ ಮೊದಲು ಮಣ್ಣು ನೋಡಬೇಕು. ಎರೆ ನೆಲ, ಅಂದರೆ ಕಪ್ಪು ಮಣ್ಣು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅಕ್ಟೋಬರ್ ಮಳೆ ಬಿದ್ದರೆ ಬೂಟಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಬೇಸ್‌ಬಾಲ್‌ನಲ್ಲಿ ಮಕ್ಕಳು ಜಾರಿ ಬೀಳುವುದು ಆಟದ ಭಾಗ, ಹಾಗಾಗಿ ಕೆಂಪು ಮಣ್ಣಿನ ಮಸಾರಿ ನೆಲ ಸಿಕ್ಕರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಎರೆ ನೆಲವೇ ಗತಿ ಅಂದರೆ ಬೇಸ್‌ಗಳ ಸುತ್ತಲಷ್ಟೇ ಮೊರಂ ಹಾಕಿಸಿ, ರೋಲರ್ ಹೊಡೆಸಿ. ಇಡೀ ಮೈದಾನಕ್ಕೆ ಬೇಕಿಲ್ಲ. ಒಂದು ಟ್ರ್ಯಾಕ್ಟರ್ ಇರುವ ತಂದೆ ಸಿಕ್ಕರೆ ಒಂದು ಬೆಳಗಿನ ಕೆಲಸ.

12 ವರ್ಷದೊಳಗಿನವರಿಗೆ ಬೇಸ್‌ನಿಂದ ಬೇಸ್‌ಗೆ 60 ಅಡಿ. ಹೊಡೆದ ಚೆಂಡಿಗೆ ಓಡಾಡಲು ಹೋಮ್ ಪ್ಲೇಟಿನಿಂದ (ಬ್ಯಾಟ್ ಮಾಡುವವನು ನಿಲ್ಲುವ ಮೂಲೆ) ಮುಂದಕ್ಕೆ 150 ಅಡಿಯಾದರೂ ಖಾಲಿ ಇರಬೇಕು, 200 ಇದ್ದರೆ ಚೆನ್ನ.

ಸರ್ಕಾರಿ ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಒಂದೊಂದು ಅರ್ಜಿ ಕೊಡಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಬೀಗದ ಕೈ ಯಾರ ಹತ್ತಿರ, ಕಸ ಯಾರು ತೆಗೆಯುತ್ತಾರೆ, ಕಿಟಕಿ ಗಾಜು ಒಡೆದರೆ ಯಾರು ಹಾಕಿಸುತ್ತಾರೆ ಎಲ್ಲ ಅದರಲ್ಲಿ ಬರೆಯಿರಿ. ಗಾಜಿನ ಮಾತು ಬರೆದದ್ದಕ್ಕೇ ನಮಗೆ ಒಪ್ಪಿಗೆ ಸಿಕ್ಕಿದ್ದು ಅಂತ ನನ್ನ ನಂಬಿಕೆ. ಪಾಲಿಕೆಯ ಜಾಗವಾದರೆ ಪಾಲಿಕೆಗೆ, ಜಿಲ್ಲಾ ಕ್ರೀಡಾಂಗಣವಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಅರ್ಜಿ. ಬಾಯಿಮಾತಿನ ಒಪ್ಪಿಗೆ ಮೇಲೆ ಸೀಸನ್ ಶುರು ಮಾಡಬೇಡಿ. ನಾವು ಒಂದು ಕಡೆ ಹಾಗೆ ಮಾಡಿ, ಮೂರನೇ ಭಾನುವಾರ ಹೋದಾಗ ಅಲ್ಲಿ ಮದುವೆ ಪೆಂಡಾಲ್ ಎದ್ದಿತ್ತು. ಊಟ ಚೆನ್ನಾಗಿತ್ತು, ಪಂದ್ಯ ಮಾತ್ರ ಆಗಲಿಲ್ಲ.

ಚೌಕ ಹಾಕಲು ಗೌಂಡಿಯನ್ನು ಕರೆಯಿರಿ

ಓಣಿಯ ಒಬ್ಬ ಗೌಂಡಿ ಮೇಸ್ತ್ರಿಯ ಮಗ ಆಟಕ್ಕೆ ಬರುತ್ತಿದ್ದ. ಅಪ್ಪ ಒಂದು ದಿನವೂ ಮೈದಾನದ ಕಡೆ ಬಂದವರಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳ ಆಟ ಅಂತ ಅವರ ಲೆಕ್ಕ. ನಾವು ಟೇಪು ಹಿಡಿದು ಎರಡು ಭಾನುವಾರ ಒದ್ದಾಡಿದೆವು. ಹಾಕಿದ ಚೌಕ ಪ್ರತಿ ಸಲ ಸೊಟ್ಟ. ಕೊನೆಗೆ ಅವರನ್ನೇ ಕರೆದೆವು. ಬಂದವರು ನಮ್ಮ ಗೆರೆ ನೋಡಿ ನಕ್ಕರು.

‘ಏನ್ ಸಾರ್ ಇದು? ಡೈಮಂಡ್ ಅಂತೀರಿ, ಮತ್ತ ಚೌಕ ಅಂತೀರಿ!’

‘ಚೌಕವೇ ಮೇಸ್ತ್ರಿ, ಮೂಲೆ ಮೇಲೆ ನಿಲ್ಸಿದ್ದು.’

‘ಹಂಗಂದ್ರ ಪಾಯ ಹಾಕಿದಂಗ ಹಾಕ್ರಿ.’

ದಾರದ ಉಂಡೆ ತೆಗೆದು, ಮೊಳೆ ಹೊಡೆದು, ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ನಡುವಿನ ಅಡ್ಡ ದಾರ 5 ಅಡಿ ಬರುವವರೆಗೆ ಸರಿಸಿದರು. ಮೂಲೆ ಮಟ್ಟವಾಗಿ ಕೂತಿತು. ಆಮೇಲೆ ಎರಡೂ ದಾರವನ್ನು 60 ಅಡಿಗೆ ಎಳೆದರು. ಕೊನೆಗೆ ಕ್ರಾಸ್ ಹಿಡಿದು ನೋಡಿದರು. ಹೋಮ್ ಪ್ಲೇಟಿನಿಂದ ಎರಡನೇ ಬೇಸ್‌ಗೆ 84 ಅಡಿ 10 ಇಂಚು, ಒಂದನೇ ಬೇಸ್‌ನಿಂದ ಮೂರನೇ ಬೇಸ್‌ಗೂ ಅಷ್ಟೇ. ಇಪ್ಪತ್ತು ನಿಮಿಷದ ಕೆಲಸ. ಅವತ್ತಿನಿಂದ ಮೈದಾನದ ಉಸ್ತುವಾರಿ ಅವರದೇ. ಈಗ ನಾವು ಸುಣ್ಣ ಒಂದಿಂಚು ಆಚೀಚೆ ಹಾಕಿದರೂ ಬೈಯುತ್ತಾರೆ.

ನೀವು ಹಾಕುವಾಗ ಮೂರು ವಿಷಯ ಗಮನದಲ್ಲಿರಲಿ. ಅಳತೆ ಶುರುವಾಗುವುದು ಹೋಮ್ ಪ್ಲೇಟಿನ ಹಿಂದಿನ ಮೊನೆಯಿಂದ. ಚೆಂಡು ಎಸೆಯುವವನ ಪಟ್ಟಿ ಆ ಮೊನೆಯಿಂದ 46 ಅಡಿ ದೂರ, ಎರಡನೇ ಬೇಸ್‌ನ ದಿಕ್ಕಿನಲ್ಲಿ. ಇನ್ನೊಂದು, ಸೂರ್ಯ. ಪುಸ್ತಕಗಳಲ್ಲಿ ಬ್ಯಾಟ್ ಮಾಡುವವನ ಮುಖ ಪೂರ್ವ-ಈಶಾನ್ಯಕ್ಕೆ ಅಂತ ಇರುತ್ತದೆ. ಅದು ಮಧ್ಯಾಹ್ನದ ಮೇಲೆ ಆಡುವವರಿಗೆ. ನಮ್ಮಲ್ಲಿ ಆಟ ನಡೆಯುವುದು ಬೆಳಗ್ಗೆ 7ಕ್ಕೆ. ಪೂರ್ವಕ್ಕೆ ನಿಲ್ಲಿಸಿದರೆ ಮಗುವಿಗೆ ಬಿಸಿಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಉತ್ತರಕ್ಕೆ ಮುಖ ಮಾಡಿಸಿ.

ಸಾಮಾನು: ಅರ್ಧ ಊರಲ್ಲೇ ಇದೆ

ಬಳ್ಳಾರಿ ಅಂದರೆ ಜೀನ್ಸ್. ಕಟಿಂಗ್ ಆದ ಮೇಲೆ ಉಳಿಯುವ ಡೆನಿಮ್ ತುಂಡುಗಳಿಗೆ ಇಲ್ಲಿ ಬರವಿಲ್ಲ. 15 ಇಂಚು ಚೌಕ, 3 ಇಂಚು ದಪ್ಪದ ಚೀಲ ಮೂರು ಹೊಲಿಸಿದರೆ ಒಂದು ಮೈದಾನದ ಬೇಸ್ ಸಿದ್ಧ. ಎರಡು ಪದರ ಬಟ್ಟೆ ಹಾಕಿಸಿ, ಮೇಲೆ ಬಿಳಿ ಪೇಂಟ್ ಬಳಿಯಿರಿ. ಒಳಗೆ ಮರಳು ತುಂಬಬೇಡಿ. ಓಡಿ ಬಂದು ಕಾಲಿಟ್ಟ ಮಗುವಿನ ಕಾಲು ಉಳುಕುತ್ತದೆ. ನಾವು ಸಿರುಗುಪ್ಪ ಕಡೆಯ ಮಿಲ್‌ನಿಂದ ಭತ್ತದ ಹೊಟ್ಟು ತಂದು ಚಿಂದಿ ಬಟ್ಟೆ ಜೊತೆ ಬೆರೆಸಿ ತುಂಬಿದೆವು. ಮೆತ್ತಗೂ ಅಲ್ಲ, ಕಲ್ಲೂ ಅಲ್ಲ.

ಹೋಮ್ ಪ್ಲೇಟಿಗೆ ಹಳೆಯ ಕನ್ವೇಯರ್ ಬೆಲ್ಟ್ ತುಂಡು ಹುಡುಕಿ. ಗಣಿ, ಕಾರ್ಖಾನೆ ಇರುವ ಜಿಲ್ಲೆಯ ಗುಜರಿ ಅಂಗಡಿಯಲ್ಲಿ ಅದು ಸಿಗದೆ ಇನ್ನೆಲ್ಲಿ ಸಿಗುತ್ತದೆ? ಮುಂದಿನ ಬದಿ 17 ಇಂಚು, ಎರಡು ಪಕ್ಕ ಎಂಟೂವರೆ ಇಂಚು, ಹಿಂದೆ ಮೊನೆಗೆ ಸೇರುವ ಎರಡು ಬದಿ 12 ಇಂಚು. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ, ಆಮೇಲೆ ಬೆಲ್ಟಿಗೆ ಕೈ ಹಾಕಿ. ರಬ್ಬರ್ ಕತ್ತರಿಸಿ ಕೊಡಲು ಚಪ್ಪಲಿ ಹೊಲಿಯುವವರೇ ಸರಿ. ಅವರ ಉಳಿಗೆ ಇರುವ ಹದ ನಮ್ಮ ಕತ್ತರಿಗೆ ಇಲ್ಲ.

ಕೊಳ್ಳಲೇಬೇಕಾದವು ಗ್ಲೌಸ್, ಬ್ಯಾಟ್, ಹೆಲ್ಮೆಟ್, ಕ್ಯಾಚರ್ ಕವಚ. ಒಂದು ಸಲಕ್ಕೆ ಒಂದೇ ತಂಡ ಫೀಲ್ಡಿಂಗ್ ಮಾಡುವುದರಿಂದ 9 ಗ್ಲೌಸ್ ಇದ್ದರೆ ಪಂದ್ಯ ನಡೆಯುತ್ತದೆ. ಬದಲಿಗೆ ಅಂತ ಎರಡು ಸೇರಿಸಿ 11 ತನ್ನಿ. ಗ್ಲೌಸ್ ಹಾಕುವುದು ಎಸೆಯದ ಕೈಗೆ. ಹಾಗಾಗಿ ಎಡಗೈಯಲ್ಲಿ ಎಸೆಯುವ ಮಕ್ಕಳಿಗೆ ಬಲಗೈಗೆ ಹಾಕುವ ಗ್ಲೌಸ್ ಬೇಕು. ಹನ್ನೊಂದರಲ್ಲಿ ಎರಡು ಅಂಥವು ಇರಲಿ. ನಾವು ಇದನ್ನು ಮರೆತು, ನಮ್ಮ ಅತಿ ಚುರುಕು ಹುಡುಗಿಯೊಬ್ಬಳು ಒಂದು ತಿಂಗಳು ಬರಿಗೈಯಲ್ಲಿ ಹಿಡಿದಳು.

ಜನ: ಒಬ್ಬರಿಗೆ ಒಂದೇ ಕೆಲಸ

ಮಕ್ಕಳ ಬೇಸ್‌ಬಾಲ್ ಲೀಗ್ ಅಂದರೆ ಜಗತ್ತಿಗೆಲ್ಲ ನೆನಪಾಗುವ ಲಿಟಲ್ ಲೀಗ್ 1939ರಲ್ಲಿ ಅಮೆರಿಕದ ವಿಲಿಯಮ್ಸ್‌ಪೋರ್ಟ್ ಎಂಬ ಊರಲ್ಲಿ ಶುರುವಾಯಿತು. ಕಾರ್ಲ್ ಸ್ಟಾಟ್ಜ್ ಎಂಬವರು ಹತ್ತಾರು ಕಡೆ ಇಲ್ಲ ಅನ್ನಿಸಿಕೊಂಡ ಮೇಲೆ ಮೂರು ತಂಡಕ್ಕೆ ಮೂವರು ಪ್ರಾಯೋಜಕರು ಸಿಕ್ಕರು: ಒಂದು ಹಾಲಿನ ಡೈರಿ, ಒಂದು ಮರದ ಅಡ್ಡೆ, ಒಂದು ತಿಂಡಿ ತಯಾರಿಸುವ ಕಂಪನಿ. ಅಲ್ಲಿ ಮೊದಲ ಪಂದ್ಯ ಗೆದ್ದದ್ದು ಮರದ ಅಡ್ಡೆಯವರ ತಂಡ, 23–8ರಲ್ಲಿ. ನಮ್ಮಲ್ಲೂ ಹಾಲಿನ ಅಂಗಡಿ ಇದೆ, ಮರದ ಅಡ್ಡೆ ಇದೆ, ಒಗ್ಗರಣೆ-ಮಿರ್ಚಿ ಅಂಗಡಿಗಂತೂ ಲೆಕ್ಕವಿಲ್ಲ. ತಂಡಗಳಿಗೆ ಅಂಗಡಿಯ ಹೆಸರಿಡಿ. ಮಿರ್ಚಿ ಅಂಗಡಿಯ ಹೆಸರಿನ ತಂಡ ಸೋತರೆ ಮಾಲೀಕರೇ ಮುಂದಿನ ವಾರ ಬಂದು ನಿಲ್ಲುತ್ತಾರೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಈಗ ನೋಟ್‌ಬುಕ್. ಒಂದು ಪುಟದಲ್ಲಿ ಭಾನುವಾರದ ಕೆಲಸಗಳನ್ನೆಲ್ಲ ಬರೆಯಿರಿ. ನಮ್ಮ ಪಟ್ಟಿ ಹೀಗಿದೆ: ಬೀಗ ತೆಗೆಯುವುದು, 6 ಗಂಟೆಗೆ ಸುಣ್ಣದ ಗೆರೆ, ನೀರಿನ ಕ್ಯಾನ್, ಮಜ್ಜಿಗೆ, ಹಾಜರಿ, ಸ್ಕೋರು, ಅಂಪೈರ್ ಇಬ್ಬರು, ಮೊದಲ ಚಿಕಿತ್ಸೆಯ ಡಬ್ಬಿ, ಗೇಟಿನ ಹತ್ತಿರ ಒಬ್ಬರು, ಕೊನೆಗೆ ಸಾಮಾನು ಎಣಿಸಿ ಒಳಗಿಡುವುದು. ಪ್ರತಿ ಕೆಲಸದ ಮುಂದೆ ಇಬ್ಬರ ಹೆಸರು. ಒಬ್ಬರಿಗೆ ನೆಂಟರ ಮನೆಯ ಕಾರ್ಯ ಬಂದರೆ ಇನ್ನೊಬ್ಬರು. ಯಾರಿಗೂ ಎರಡು ಕೆಲಸ ಕೊಡಬೇಡಿ, ಅವರೇ ಕೇಳಿದರೂ. ಎರಡು ಕೆಲಸ ಹೊತ್ತವರು ಎರಡೇ ತಿಂಗಳಲ್ಲಿ ಫೋನ್ ಎತ್ತುವುದು ನಿಲ್ಲಿಸುತ್ತಾರೆ.

ಯಾರಿಗೆ ಯಾವ ಕೆಲಸ ಅನ್ನುವುದರಲ್ಲೇ ಜಾಣತನ ಇರುವುದು. ಸ್ಕೋರ್ ಬರೆಯಲು ರಿಟೈರ್ ಆದ ಬ್ಯಾಂಕಿನವರೋ ಮೇಷ್ಟ್ರೋ ಸಿಕ್ಕರೆ ಬಿಡಬೇಡಿ. ಅವರಿಗೆ ಲೆಕ್ಕ ತಪ್ಪಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅಂಪೈರ್ ಕೆಲಸಕ್ಕೆ ಕಾಲೇಜು ಹುಡುಗರು, ಹುಡುಗಿಯರು. ಆದರೆ ತಮ್ಮ ಮನೆಯ ಮಗು ಇರುವ ಪಂದ್ಯಕ್ಕೆ ನಿಲ್ಲಿಸಬೇಡಿ. ಹಾಜರಿ ಕೆಲಸ ತಾಯಂದಿರಿಗೆ ಕೊಡಿ. ಯಾವ ಮಗು ಯಾಕೆ ಬಂದಿಲ್ಲ ಅಂತ ಅವರಿಗೆ ಒಂದೇ ಫೋನಿಗೆ ಗೊತ್ತಾಗುತ್ತದೆ, ನಮಗೆ ಮೂರು ವಾರ ಬೇಕು.

ಇನ್ನು ಭಾಷೆ. ಕೌಲ್ ಬಜಾರ್ ಕಡೆ ಒಂದೇ ತಂಡದಲ್ಲಿ ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಮಾತಾಡುವ ಮಕ್ಕಳು ಇರುತ್ತಾರೆ. ಮಕ್ಕಳಿಗೆ ಇದು ಸಮಸ್ಯೆಯೇ ಅಲ್ಲ. ಸಮಸ್ಯೆ ಆಗುವುದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಉದ್ದದ ಸಂದೇಶ ಟೈಪ್ ಮಾಡುವ ಬದಲು ಅರ್ಧ ನಿಮಿಷದ ಧ್ವನಿ ಸಂದೇಶ ಹಾಕಿ, ಮೂರು ಭಾಷೆಯಲ್ಲಿ ಮೂವರು. ಓದಲು ಬಾರದ ಅಜ್ಜಿಯೂ ಕೇಳಿಸಿಕೊಂಡು ಮೊಮ್ಮಗನನ್ನು ಎಬ್ಬಿಸುತ್ತಾರೆ. ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವಿನ ಚಿತ್ರ ನಿಷೇಧ ಅಂತ ಮೊದಲ ದಿನವೇ ಹೇಳಿಬಿಡಿ. ನಾವು ಹೇಳಲಿಲ್ಲ, ಈಗ ಅನುಭವಿಸುತ್ತಿದ್ದೇವೆ.

ಹೆಣ್ಣುಮಕ್ಕಳು ಬರಬೇಕಾದರೆ

‘ಹುಡುಗಿಯರಿಗೂ ಅವಕಾಶ ಇದೆ’ ಅಂತ ಬರೆದರೆ ಯಾರೂ ಬರುವುದಿಲ್ಲ. ಬೀಗ ಹಾಕಿರದ, ನೀರಿರುವ ಒಂದು ಶೌಚಾಲಯ ಇದೆಯೇ ಅಂತ ಮೊದಲು ನೋಡಿ. ಶಾಲೆಯ ಶೌಚಾಲಯದ ಕೀಲಿಯನ್ನೂ ಅರ್ಜಿಯಲ್ಲೇ ಕೇಳಿ. ಮೈದಾನದಲ್ಲಿ ಯಾವಾಗಲೂ ಇಬ್ಬರು ಹೆಂಗಸರು ಇರಲಿ. ಒಬ್ಬೊಬ್ಬಳನ್ನೇ ಸೇರಿಸಿಕೊಳ್ಳದೆ ಒಂದೇ ಓಣಿಯ ಮೂವರನ್ನು ಒಟ್ಟಿಗೆ ಸೇರಿಸಿ, ಜೊತೆಗೆ ಬಂದು ಜೊತೆಗೆ ಹೋಗುತ್ತಾರೆ. ಟ್ರ್ಯಾಕ್ ಪ್ಯಾಂಟ್ ಮೇಲೆ ಕುರ್ತಾ ಹಾಕಿ ಆಡುತ್ತೇನೆ ಅಂದರೆ ಆಡಲಿ, ಸ್ಕಾರ್ಫ್ ಕಟ್ಟಿ ಆಡುತ್ತೇನೆ ಅಂದರೂ ಆಡಲಿ. ಬಿಗಿಯಾಗಿ ಕಟ್ಟಿದೆಯಾ, ಹೆಲ್ಮೆಟ್ ಸರಿಯಾಗಿ ಕೂರುತ್ತದೆಯಾ ಅಷ್ಟು ನೋಡಿ. ಲಿಟಲ್ ಲೀಗ್‌ನವರೇ ಹುಡುಗಿಯರಿಗೆ ಬಾಗಿಲು ತೆರೆದದ್ದು 1974ರಲ್ಲಿ, ಅದೂ ಕೋರ್ಟಿನಲ್ಲಿ ಗುದ್ದಾಡಿದ ಮೇಲೆ.

ಕ್ರಿಕೆಟ್ ಕೈಗಳನ್ನು ತಿದ್ದುವುದು

ಬರುವ ಮಕ್ಕಳೆಲ್ಲ ಕ್ರಿಕೆಟ್ ಆಡಿದವರೇ. ಅದು ಒಳ್ಳೆಯದೇ, ಕಣ್ಣು ಮತ್ತು ಕೈ ಪಳಗಿರುತ್ತವೆ. 2008ರಲ್ಲಿ ಉತ್ತರ ಪ್ರದೇಶದ ಜಾವೆಲಿನ್ ಹುಡುಗರಿಬ್ಬರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಬರೀ ಎಸೆಯುವ ಶಕ್ತಿಯಿಂದ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಸಹಿ ಹಾಕಿದ್ದರು. (ಐಪಿಎಲ್‌ನಲ್ಲಿ ಸಿಕ್ಸರ್ ಬಾರಿಸುವ ರಿಂಕು ಬೇರೆ.) ಆದರೆ ಮೂರು ಅಭ್ಯಾಸ ಬಿಡಿಸಬೇಕು.

ಒಂದು, ಬ್ಯಾಟ್ ಹಿಡಿದುಕೊಂಡೇ ಓಡುವುದು. ಹಿಡಿದು ಓಡಬೇಡ ಅಂದರೆ ಹಿಂದಕ್ಕೆ ಬೀಸಿ ಒಗೆಯುತ್ತಾರೆ. ಅದು ಇನ್ನೂ ಅಪಾಯ, ಹಿಂದೆ ಕ್ಯಾಚರ್ ಕೂತಿರುತ್ತಾನೆ. ಹೊಡೆದ ಮೇಲೆ ಬ್ಯಾಟನ್ನು ಕಾಲ ಬಳಿ ಬಿಡುವುದನ್ನು ಚೆಂಡಿಲ್ಲದೆ ಐವತ್ತು ಸಲ ಮಾಡಿಸಿ. ಎರಡು, ಹೊಡೆದು ನಿಂತು ನೋಡುವುದು. ಇಲ್ಲಿ ಚೆಂಡು ಗೆರೆಯೊಳಗೆ ಬಿದ್ದರೆ ಓಡಲೇಬೇಕು. ಮೂರು, ಲೇಟ್ ಕಟ್. ಹಿಂದಕ್ಕೆ ಹೋದದ್ದೆಲ್ಲ ಫೌಲ್. ಎಷ್ಟು ಚೆಂದದ ಕಟ್ ಆದರೂ ಅಷ್ಟೇ, ಪಾಪ!

ಉಳಿದ ನಿಯಮ ಎರಡು ವಾಕ್ಯದಲ್ಲಿ ಹೇಳಿ: ಮೂರು ಸ್ಟ್ರೈಕ್ (ಬೀಸಿ ತಪ್ಪಿದ್ದು, ಇಲ್ಲವೇ ಹೊಡೆಯಬಹುದಾದ ಚೆಂಡು ಬಿಟ್ಟದ್ದು) ಆದರೆ ಔಟ್, ನಾಲ್ಕು ಬಾಲ್ (ಆಚೀಚೆ ಹೋಗಿ, ಬೀಸದೆ ಬಿಟ್ಟ ಎಸೆತ) ಆದರೆ ನಡೆದುಕೊಂಡು ಒಂದನೇ ಬೇಸ್‌ಗೆ. ಮೂವರು ಔಟ್ ಆದರೆ ಪಾಳಿ ಬದಲು. ಮಿಕ್ಕಿದ್ದು ಆಡುತ್ತಾ ಬರುತ್ತದೆ. ಚೆಂಡು ಎಸೆಯುವವನಿಗೆ ಪಿಚ್ಚರ್ ಅಂತ ಕರೆದಾಗ ಮೊದಲ ವಾರ ‘ಯಾವ ಟಾಕೀಸಲ್ಲಿ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಕ್ಕು ಮುಂದೆ ಹೋಗಿ.

ವೇಳಾಪಟ್ಟಿ: ಬಿಸಿಲು, ಪರೀಕ್ಷೆ, ಮೆಣಸಿನಕಾಯಿ

ದಸರಾ ರಜೆಯಲ್ಲಿ ತರಬೇತಿ, ನವೆಂಬರ್ ನಡುವಿನಿಂದ ಜನವರಿ ಕೊನೆವರೆಗೆ ಪಂದ್ಯ. ಫೆಬ್ರವರಿ ಬಂದರೆ ಮನೆಯವರಿಗೆ ಪರೀಕ್ಷೆಯ ಚಿಂತೆ, ಏಪ್ರಿಲ್-ಮೇ ಬಂದರೆ 40 ಡಿಗ್ರಿ ದಾಟುವ ಬಿಸಿಲು. ಬೇಸಿಗೆ ರಜೆಯಲ್ಲಿ ಇಡೋಣ ಅನ್ನುವವರನ್ನು ಮೇ ತಿಂಗಳ ಹನ್ನೊಂದು ಗಂಟೆಗೆ ಮೈದಾನದ ನಡುವೆ ಐದು ನಿಮಿಷ ನಿಲ್ಲಿಸಿ. ಮತ್ತೆ ಕೇಳುವುದಿಲ್ಲ.

ಹಳ್ಳಿಯ ಮಕ್ಕಳಿದ್ದರೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹಾಜರಿ ಕಡಿಮೆಯಾಗುತ್ತದೆ. ಬೈಯಬೇಡಿ. ಮೊದಲೇ ಕೇಳಿಕೊಂಡು ಆ ವಾರ ಬಿಡುವು ಕೊಡಿ. ಎಳ್ಳಮಾವಾಸ್ಯೆ, ಸಂಕ್ರಾಂತಿಯ ಆಸುಪಾಸಿನ ಭಾನುವಾರವೂ ಖಾಲಿ ಇರಲಿ. ಪಂದ್ಯ ಮಾರ್ಚ್‌ಗೆ ಜಾರಿದರೆ ಕನಕ ದುರ್ಗಮ್ಮನ ಸಿಡಿಬಂಡಿ ಜಾತ್ರೆ ಯಾವತ್ತು ಅಂತ ನೋಡಿಕೊಳ್ಳಿ. ಅವತ್ತು ಅಂಪೈರೂ ಬರುವುದಿಲ್ಲ.

ಲೆಕ್ಕ ಸುಲಭ. 4 ತಂಡ, ಒಬ್ಬರ ಮೇಲೊಬ್ಬರು ಎರಡೆರಡು ಸಲ ಆಡಿದರೆ 12 ಪಂದ್ಯ. ಭಾನುವಾರಕ್ಕೆ ಎರಡು ಪಂದ್ಯ ಅಂದರೆ 6 ವಾರ. ಮೇಲೆ ಎರಡು ವಾರ ಹಬ್ಬಕ್ಕೆ, ಮಳೆಗೆ ಮೀಸಲಿಡಿ. ತಂಡಕ್ಕೆ 12 ಮಕ್ಕಳು, ಒಟ್ಟು 48. ಮೊದಲ ವರ್ಷ ಇದಕ್ಕಿಂತ ಜಾಸ್ತಿ ಬೇಡ. ಪಂದ್ಯಕ್ಕೆ 75 ನಿಮಿಷದ ಮಿತಿ ಹಾಕಿ. ಒಂದು ಇನ್ನಿಂಗ್ಸ್‌ನಲ್ಲಿ 5 ರನ್ ಆದರೆ ಪಾಳಿ ಬದಲು ಅನ್ನುವ ನಿಯಮ ಇಟ್ಟುಕೊಳ್ಳಿ, ಇಲ್ಲದಿದ್ದರೆ ಚಿಕ್ಕ ಮಕ್ಕಳ ಪಂದ್ಯ ಮಧ್ಯಾಹ್ನದವರೆಗೂ ಎಳೆಯುತ್ತದೆ. ಬಂದ ಹನ್ನೆರಡೂ ಮಕ್ಕಳಿಗೆ ಬ್ಯಾಟಿಂಗ್ ಸಿಗಲೇಬೇಕು. ಬೆಂಚಿನ ಮೇಲೆ ಕೂತು ಮನೆಗೆ ಹೋದ ಮಗುವಿನ ತಾಯಿ ಮುಂದಿನ ವಾರ ಮಜ್ಜಿಗೆ ತರುವುದಿಲ್ಲ.

ವಯಸ್ಸಿನ ಜಗಳ ಬಂದೇ ಬರುತ್ತದೆ. ಒಂದು ದಿನಾಂಕ ನಿಗದಿ ಮಾಡಿ, ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನವನ್ನೇ ಎಲ್ಲರಿಗೂ ಹಿಡಿಯಿರಿ. ಮೀಸೆ ಬಂದಿದೆ, ಬಂದಿಲ್ಲ ಅಂತ ವಾದಕ್ಕೆ ಇಳಿಯಬೇಡಿ.

ಪೆಟ್ಟು, ಬಿಸಿಲು, ಮಕ್ಕಳ ರಕ್ಷಣೆ

ಈ ಭಾಗವನ್ನು ಯಾರೂ ಓದುವುದಿಲ್ಲ, ಆದರೆ ನೀವು ಓದಿ.

ಗಟ್ಟಿ ಚೆಂಡು ಕೈಗೆ ಬಂದ ದಿನದಿಂದ ಹೆಲ್ಮೆಟ್ ಇಲ್ಲದೆ ಯಾರೂ ಬ್ಯಾಟ್ ಹಿಡಿಯುವಂತಿಲ್ಲ, ಬೇಸ್ ಮೇಲೆ ಓಡುವಂತೆಯೂ ಇಲ್ಲ. ಅಭ್ಯಾಸಕ್ಕೆ ಬೀಸುವ ಬ್ಯಾಟಿನ ಸುತ್ತ ಹತ್ತು ಅಡಿ ಯಾರೂ ಇರಬಾರದು. ಸುಣ್ಣದಲ್ಲಿ ಒಂದು ಸುತ್ತು ಎಳೆದು ‘ಇದರೊಳಗೆ ಬ್ಯಾಟ್ ಹಿಡಿದವರು ಮಾತ್ರ’ ಅಂತ ಮಾಡಿ. ಮಾತಿಗಿಂತ ಗೆರೆಗೆ ಮಕ್ಕಳು ಬೇಗ ಬಗ್ಗುತ್ತಾರೆ.

ಎಸೆಯುವ ಮಗುವಿನ ಮೊಣಕೈ ಬಹಳ ಬೆಲೆಬಾಳುವ ವಸ್ತು. ಲಿಟಲ್ ಲೀಗ್ ನಿಯಮದಲ್ಲಿ ದಿನಕ್ಕೆ 7–8 ವರ್ಷದವರಿಗೆ 50 ಎಸೆತ, 9–10ಕ್ಕೆ 75, 11–12ಕ್ಕೆ 85, ಅಷ್ಟೇ. ನಾವು ಎಲ್ಲರಿಗೂ 50ಕ್ಕೆ ನಿಲ್ಲಿಸುತ್ತೇವೆ. ಸ್ಕೋರರ್ ಪಕ್ಕ ಒಬ್ಬರು ಕೂತು ಪ್ರತಿ ಎಸೆತಕ್ಕೆ ಒಂದು ಗೆರೆ ಹಾಕಲಿ. ಗೆಲ್ಲುವ ಹೊತ್ತಿನಲ್ಲಿ ‘ಇನ್ನೊಂದೇ ಓವರ್ ಸಾರ್’ ಅನ್ನುತ್ತಾರೆ. ಓವರ್ ಇಲ್ಲಿ ಇಲ್ಲ ಅನ್ನಿ. ಚೆಂಡು ತಿರುಗಿಸುವ ಕರ್ವ್ ಎಸೆತವನ್ನೂ ಈ ವಯಸ್ಸಿಗೆ ಕಲಿಸಬೇಡಿ.

10 ಗಂಟೆಯೊಳಗೆ ಆಟ ಮುಗಿದಿರಬೇಕು. 20 ನಿಮಿಷಕ್ಕೊಮ್ಮೆ ನೀರು, ಬಾಯಾರಿಕೆ ಇರಲಿ ಬಿಡಲಿ. ಉಪ್ಪು ಹಾಕಿದ ಮಜ್ಜಿಗೆ, ಡಬ್ಬಿಯಲ್ಲಿ ಓಆರ್‌ಎಸ್. ತಲೆಸುತ್ತು, ವಾಂತಿ ಅಂದ ಮಗುವನ್ನು ನೆರಳಿಗೆ ಒಯ್ದು ಒದ್ದೆ ಬಟ್ಟೆ ಹಾಕಿ. ಮಾತು ತೊದಲಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಯಾವ ದೊಡ್ಡವರೂ ಒಂಟಿ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಾಗಲಿ ಬೈಕ್ ಮೇಲಾಗಲಿ ಇರುವಂತಿಲ್ಲ, ಯಾವಾಗಲೂ ಇಬ್ಬರು. ಇದನ್ನು ಬರೆದು ಪ್ರತಿಯೊಬ್ಬರ ಸಹಿ ತೆಗೆದುಕೊಳ್ಳಿ, ನಿಮ್ಮದೂ ಸೇರಿಸಿ. ಒಳ್ಳೆಯವರಿಗೆ ಇದರಿಂದ ಬೇಜಾರಾಗುವುದಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಗೇಟಿನ ಮೇಲೆ ದೊಡ್ಡದಾಗಿ ಬರೆಸಿ.

ಹಣ

ಮೊದಲ ವರ್ಷ ವಸ್ತು ಕೇಳಿ, ದುಡ್ಡು ಕೇಳಬೇಡಿ. ಟೈಲರ್ ಚೀಲ ಕೊಟ್ಟ, ಮಿಲ್‌ನವರು ಹೊಟ್ಟು ಕೊಟ್ಟರು, ಅಂಗಡಿಯವರು ನೀರು ಕೊಟ್ಟರು ಅಂದರೆ ಅಲ್ಲಿಗೆ ಲೆಕ್ಕ ಮುಗಿಯಿತು, ಅನುಮಾನಕ್ಕೆ ಜಾಗವೇ ಇಲ್ಲ. ದುಡ್ಡು ಬಂದ ಕಡೆ 50 ರೂಪಾಯಿಗೂ ರಸೀದಿ ಕೊಡಿ. ತಿಂಗಳ ಕೊನೆಗೆ ಖರ್ಚಿನ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿ.

ಎರಡನೇ ವರ್ಷ ಮುಂದುವರಿಸುವ ಮನಸ್ಸಿದ್ದರೆ ಸಂಘ ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಸದಸ್ಯರು ಬೇಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಆ ಏಳರಲ್ಲಿ ಬೇರೆ ಬೇರೆ ಓಣಿಯವರು ಇರಲಿ, ಒಂದೇ ಮನೆಯ ನಾಲ್ಕು ಜನ ಬೇಡ.

ತೋರಣಗಲ್ಲು, ಸಂಡೂರು ಕಡೆಯ ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಮೇಲೆ ಎಲ್ಲರ ಕಣ್ಣು. 2013ರ ಕಂಪನಿ ಕಾಯ್ದೆಯ ಪ್ರಕಾರ ಸಿಎಸ್‌ಆರ್ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಇದಕ್ಕೆ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿದೆ. ಒಲಿಂಪಿಕ್ಸ್ ಮಾತು ಮೊದಲೇ ಎತ್ತಿದ್ದು ಅದಕ್ಕೇ. ಆದರೆ ನಿಮ್ಮ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ ನೋಂದಣಿ, ಸಿಎಸ್‌ಆರ್ ಹಣ ಪಡೆಯಲು ತುಂಬುವ ಸಿಎಸ್‌ಆರ್-1 ಫಾರಂ ಎಲ್ಲ ಆಗಿರಬೇಕು. ಹಾಗಾಗಿ ಇದು ಮೂರನೇ ವರ್ಷದ ಮಾತು. ಹೋಗುವಾಗ ಫೋಟೋ ಆಲ್ಬಮ್‌ಗಿಂತ ಹಾಜರಿ ಪುಸ್ತಕ ಒಯ್ಯಿರಿ. 48ರಲ್ಲಿ ಎಷ್ಟು ಮಕ್ಕಳು ಕೊನೆವರೆಗೂ ಬಂದರು ಅನ್ನುವ ಪುಟವೇ ಮಾತಾಡುತ್ತದೆ.

ಒಂದು ಎಚ್ಚರಿಕೆ. ಒಬ್ಬ ಪುಢಾರಿ ನಮಗೆ 48 ಟೀ ಶರ್ಟ್ ಕೊಡುತ್ತೇನೆ ಅಂದರು. ಎದೆಯ ಮೇಲೆ ಅವರ ಫೋಟೋ, ಬೆನ್ನ ಮೇಲೂ ಅವರದೇ ಫೋಟೋ. ನಂಬರ್ ಎಲ್ಲಿ ಹಾಕೋಣ ಸಾರ್ ಅಂದದ್ದಕ್ಕೆ ತೋಳಿನ ಮೇಲೆ ಅಂದರು. ನಯವಾಗಿ ಬೇಡ ಅಂದೆವು. ಚುನಾವಣೆ ಬಂದಾಗ ಅರ್ಧ ಮಕ್ಕಳ ಮನೆಯಲ್ಲಿ ಆ ಶರ್ಟ್ ಹಾಕಲು ಬಿಡುತ್ತಿರಲಿಲ್ಲ, ಅಲ್ವಾ?

ಗೆರೆಯಾಚೆಯ ಜಗಳ

ಮಕ್ಕಳು ಜಗಳವಾಡಿ ಐದು ನಿಮಿಷಕ್ಕೆ ಮರೆಯುತ್ತಾರೆ. ಅಪ್ಪಂದಿರು ಹಾಗಲ್ಲ. ಅಂಪೈರ್ ಹತ್ತೊಂಬತ್ತು ವರ್ಷದ ಹುಡುಗಿ, ಆಕೆ ಔಟ್ ಅಂದರೆ ಗೆರೆಯ ಆಚೆಯಿಂದ ‘ಏಯ್, ಕಣ್ಣು ಕಾಣಲ್ವಾ’ ಅಂತ ಕೂಗು. ನಮ್ಮ ನಿಯಮ ಇಷ್ಟೇ: ಕೂಗಿದವರು ಮುಂದಿನ ಭಾನುವಾರ ಎರಡು ಇನ್ನಿಂಗ್ಸ್ ಅಂಪೈರ್ ಆಗಿ ನಿಲ್ಲಬೇಕು. ಇಲ್ಲಿಯವರೆಗೆ ಮೂವರು ನಿಂತಿದ್ದಾರೆ. ಅದರಲ್ಲೊಬ್ಬರು ಈಗ ನಮ್ಮ ಖಾಯಂ ಅಂಪೈರ್, ಉಳಿದಿಬ್ಬರು ದೂರದ ಬೇವಿನ ಮರದ ಕೆಳಗೆ ಕೂತು ಸುಮ್ನೆ ನೋಡುತ್ತಾರೆ.

ಸೀಸನ್ ಮುಗಿದ ಮೇಲೆ

ಕೊನೆಯ ದಿನ ಕಪ್ ಕೊಡುವಾಗ ಸುಣ್ಣ ಹಾಕಿದವರನ್ನು, ಬೀಗ ತೆಗೆದವರನ್ನು, ಹೊಟ್ಟು ಕೊಟ್ಟವರನ್ನು ಹೆಸರು ಹಿಡಿದು ಕರೆಯಿರಿ. ಶಾಲು, ಹಾರ ಬೇಡ, ಅವರ ಕೈಯಿಂದಲೇ ಮಕ್ಕಳಿಗೆ ಮೆಡಲ್ ಹಾಕಿಸಿ. ನಮ್ಮ ಗೌಂಡಿ ಮೇಸ್ತ್ರಿ ಮಗನಿಗೆ ಮೆಡಲ್ ಹಾಕುವಾಗ ದಾರದ ಉಂಡೆ ಇನ್ನೂ ಜೇಬಿನಲ್ಲೇ ಇತ್ತು.

ನೋಟ್‌ಬುಕ್ಕನ್ನು ಮುಂದಿನ ವರ್ಷ ನಡೆಸುವವರ ಕೈಗೆ ಆ ವಾರವೇ ಕೊಡಿ. ಯಾರು ಯಾವ ಕೆಲಸ ಮಾಡಿದರು, ಯಾರು ಒಪ್ಪಿ ಬರಲಿಲ್ಲ, ಯಾವ ಅಂಗಡಿಯಲ್ಲಿ ಗ್ಲೌಸ್ ಸಿಕ್ಕಿತು ಎಲ್ಲ ಅದರಲ್ಲಿರಲಿ. ಗ್ಲೌಸ್‌ಗಳಿಗೆ ಸ್ವಲ್ಪ ಎಣ್ಣೆ ಸವರಿ, ಒಳಗೊಂದು ಚೆಂಡಿಟ್ಟು ಕಟ್ಟಿಡಿ, ಆಕಾರ ಕೆಡುವುದಿಲ್ಲ. ಹೆಲ್ಮೆಟ್ಟುಗಳನ್ನು ಒಂದು ದಿನ ಬಿಸಿಲಿಗೆ ಹಾಕಿ ಒಳಗಿಡಿ. ಬೇಸ್ ಚೀಲಗಳ ಹೊಲಿಗೆ ಬಿಚ್ಚಿ ಹೊಟ್ಟನ್ನು ಖಾಲಿ ಮಾಡಲು ಮರೆಯಬೇಡಿ. ನಾವು ಹಾಗೆಯೇ ಇಟ್ಟು, ಜೂನ್‌ನಲ್ಲಿ ಕೋಣೆ ಬಾಗಿಲು ತೆಗೆದಾಗ ಎರಡನೇ ಬೇಸ್‌ನಲ್ಲಿ ಇಲಿ ಮರಿ ಹಾಕಿತ್ತು.